ಮುತ್ಯಾನ ಕಾಲದ ದೋಣಿ: ದುರಸ್ತಿಗೆ ಮೊದಲು ಅದರ ಚರಿತ್ರೆ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷ್ಣೆ, ಭೀಮೆಯ ದಂಡೆಯ ಊರುಗಳಿಗೆ ಸೇತುವೆ, ಬ್ಯಾರೇಜು ಬಂದ ಮೇಲೆ ಮರದ ದೋಣಿಗಳು ನೀರು ಬಿಟ್ಟು ಕೊಟ್ಟಿಗೆ ಸೇರಿದವು. ಕೆಲವು ದನಕ್ಕೆ ನೀರು ಕುಡಿಸುವ ಬಾನಿಯಾದವು, ಕೆಲವು ಕಣದ ಮೂಲೆಯಲ್ಲಿ ಬೋರಲು ಬಿದ್ದವು. ಈಗ ಮೊಮ್ಮಕ್ಕಳು ಅವನ್ನು ಎತ್ತಿ ನಿಲ್ಲಿಸಿ ಸರಿಮಾಡಿಸಲು ಹೊರಟಿದ್ದಾರೆ. ಅಂಥವರು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ನನಗೆ ಇದರಲ್ಲಿ ಆಸ್ಥೆ ಹುಟ್ಟಿದ್ದು ಒಂದು ತಪ್ಪಿನಿಂದ. ಭೀಮೆಯಲ್ಲಿ ದೋಣಿ ಹಾಕುತ್ತಿದ್ದ ನನ್ನ ಸೋದರಮಾವ ತೀರಿಕೊಂಡ ವರ್ಷ, ಅವನ ನೆನಪಿಗೆಂದು ನಾವು ಹುಡುಗರು ಸೇರಿ ದೋಣಿಯನ್ನು ಉಜ್ಜಿ, ಕೆರೆದು, ಹೊಳೆಯುವ ನೀಲಿ ಬಣ್ಣ ಹಚ್ಚಿದೆವು. ಮಾರನೆಯ ದಿನ ಅತ್ತಿ ಬಂದು ನೋಡಿ, "ಮೂತಿ ಮ್ಯಾಲ ನಿಮ್ಮ ಮಾವ ಕೆತ್ತಿದ್ದು ಎಲ್ಲಿ ಹೋತು?" ಅಂದಳು. ಏನು ಕೆತ್ತಿದ್ದ ಎಂದು ಅವಳಿಗೆ ಓದಲು ಬರುತ್ತಿರಲಿಲ್ಲ. ನಾವು ಯಾರೂ ನೋಡಿಕೊಂಡಿರಲಿಲ್ಲ.

## ಶುರುವಿಗೆ

ಕೊಟ್ಟಿಗ್ಯಾಗ ಹಳೇ ದೋಣಿ ಬಿದ್ದದ. ಬಡಿಗೇರನ್ನ ಕರಸೂದಕ್ಕಿಂತ ಮೊದಲು ಏನ್ ಮಾಡಬೇಕ್ರಿ?

ಏನೂ ತೊಳೆಯಬೇಡಿ, ಕೆರೆಯಬೇಡಿ, ಒಂದು ಮೊಳೆಯನ್ನೂ ಕೀಳಬೇಡಿ. ಮೊದಲು ನೆರಳಿನಲ್ಲಿಯೇ ಇರಲಿ. ನೆಲಕ್ಕೆ ತಾಗದಂತೆ ನಾಲ್ಕು ಕಡೆ ಕಲ್ಲು ಕೊಟ್ಟು ಎತ್ತರಿಸಿ, ಗೆದ್ದಲು ಹತ್ತುವುದು ಕೆಳಗಿನಿಂದಲೇ. ನಮ್ಮ ಕಡೆ ಬೇಸಿಗೆ ನಲವತ್ತೆರಡು ಡಿಗ್ರಿ ದಾಟುತ್ತದೆ. ವರ್ಷಗಟ್ಟಲೆ ಕೊಟ್ಟಿಗೆಯ ತಂಪಿನಲ್ಲಿದ್ದ ಮರವನ್ನು ಫೋಟೋಕ್ಕೆಂದು ಅಂಗಳದ ಬಿಸಿಲಿಗೆ ತಂದಿಟ್ಟರೆ ಒಂದೇ ವಾರದಲ್ಲಿ ಬಾಯಿ ಬಿಡುತ್ತದೆ. ತಾಡಪತ್ರಿ ಬಿಗಿಯಾಗಿ ಸುತ್ತುವುದೂ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಗೆದ್ದಲಿಗೆ ಔಷಧ ಎಂದು ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಮರ ಕಪ್ಪಾಗಿ, ಯಾವ ಮರ, ಯಾವ ಬಣ್ಣ, ಯಾವ ಅಕ್ಷರ ಒಂದೂ ತಿಳಿಯದಂತಾಗುತ್ತದೆ.

ಆಮೇಲೆ ಫೋಟೋ. ಎರಡು ಮೂತಿ, ಎರಡು ಪಕ್ಕ, ಒಳಗೆ, ಅಡಿಗೆ, ಪ್ರತಿ ತೇಪೆ, ಪ್ರತಿ ಮೊಳೆಸಾಲು. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ. ಸಂಜೆ ಹೊತ್ತು ಟಾರ್ಚನ್ನು ಮರಕ್ಕೆ ಅಡ್ಡಡ್ಡ ಹಿಡಿದು ಇನ್ನೊಮ್ಮೆ ತೆಗೆಯಿರಿ, ಹಗಲಿಗೆ ಕಾಣದ ಕೆತ್ತನೆ ನೆರಳಿನಿಂದ ಎದ್ದು ಕಾಣುತ್ತದೆ.

ಒಳಗ ಮಣ್ಣು ತುಂಬ್ಯಾದ. ಅದನ್ನರ ತೆಗದು ಹಾಕಬಹುದಲ್ರಿ?

ತೆಗೆಯಬಹುದು, ಎಸೆಯಬಾರದು. ಹಲಗೆ ಸಂದಿಯ ಹೂಳನ್ನು ಮೆತ್ತನೆ ಬ್ರಷ್ಷಿನಿಂದ ಗುಡಿಸಿ ಒಂದೊಂದು ಭಾಗದ್ದನ್ನು ಬೇರೆ ಬೇರೆ ಚೀಲಕ್ಕೆ ಹಾಕಿ, "ಮುಂದಿನ ಮೂತಿ", "ನಡುವೆ" ಎಂದು ಬರೆದಿಡಿ. ಆಮೇಲೆ ಹಿಟ್ಟು ಸೋಸುವ ಜರಡಿಯಲ್ಲಿ ಜಾಲಿಸಿ. ಜೋಳ, ತೊಗರಿ, ಕುಸುಬಿ ಕಾಳು ಸಿಕ್ಕರೆ ಈ ದೋಣಿ ಧಾನ್ಯ ಹೊತ್ತಿದೆ ಎಂದು ತಿಳಿಯಬಹುದು, ಇಲಿ ತಂದು ಕೂಡಿಸಿದ್ದಲ್ಲ ಎಂದು ಖಾತ್ರಿ ಮಾಡಿಕೊಂಡು. ಬಳೆ ಚೂರು, ಬಲೆಯ ಸೀಸದ ಗುಂಡು, ಬೀಡಿ ಹಚ್ಚುವ ಚಕಮಕಿ ಎಲ್ಲವೂ ಮಾತಾಡುತ್ತವೆ.

ನದಿ ದಾಟುವಾಗ ಗಂಗಮ್ಮನಿಗೆ ಕಾಸು ಹಾಕುವ ಪದ್ಧತಿ ಇದ್ದುದರಿಂದ ನಾಣ್ಯ ಸಿಗುವುದೂ ಉಂಟು. ಚಾರ್‌ಮಿನಾರ್ ಚಿತ್ರವಿದ್ದರೆ ಅದು 1948ರವರೆಗೆ ನಮ್ಮ ಸೀಮೆ ಆಳಿದ ಹೈದರಾಬಾದ್ ನಿಜಾಮರ ಹಾಲಿ ಸಿಕ್ಕಾ, ಎಂದರೆ ಸಂಸ್ಥಾನದ ಸ್ವಂತ ನಾಣ್ಯ. ಅದರ ಮೇಲಿನ ವರ್ಷ ಹಿಜರಿ, ಸಂಸ್ಥಾನದ ಕಾಗದಪತ್ರಗಳಲ್ಲಿ ಬರುವ ಫಸಲಿ ಎಂಬ ಕಂದಾಯದ ವರ್ಷ ಅಲ್ಲ. ಹಿಜರಿ 1362 ಎಂದರೆ ಇಸವಿ 1943. ನಾಣ್ಯ ಹೇಳುವುದಿಷ್ಟೇ: ದೋಣಿ ಆ ವರ್ಷದ ನಂತರವೂ ನೀರಿನ ಮೇಲಿತ್ತು.

ಇಷ್ಟೆಲ್ಲ ಯಾಕ ಹುಡುಕಬೇಕು? ಸೀದಾ ರಿಪೇರಿ ಮಾಡಿಸಿದ್ರ ನಡಿಯಂಗಿಲ್ಲೇನು?

ನಡೆಯುತ್ತದೆ, ದೋಣಿ ನಿಮ್ಮದು. ಆದರೆ ಬಡಿಗೇರ ಬಂದು ಮೊದಲು ಕೇಳುವುದೇ, "ಯಾವುದು ಇಡಬೇಕು, ಯಾವುದು ತೆಗೀಬೇಕು?" ಎಂದು. ಪಕ್ಕದಲ್ಲಿ ಹೊಡೆದ ತಗಡಿನ ತೇಪೆ ಅಡ್ಡಾದಿಡ್ಡಿ ಕಾಣುತ್ತದೆ, ತೆಗೆದು ಹೊಸ ಹಲಗೆ ಹಾಕೋಣ ಅನ್ನಿಸುತ್ತದೆ. ಅದು ಯಾವುದೋ ಮಹಾಪೂರದ ರಾತ್ರಿ ಬಂಡೆಗೆ ಬಡಿದು ಒಡೆದಾಗ, ಅಡುಗೆಮನೆಯ ಡಬ್ಬಿ ಕತ್ತರಿಸಿ ಹೊಡೆದ ತೇಪೆ ಎಂದು ತಿಳಿದ ಮೇಲೆ ಕೈ ಬರುವುದಿಲ್ಲ. ಹಳೆಯ ದೋಣಿಗೆ ಹುಟ್ಟಿದ ದಿನ ಮಾತ್ರ ಚರಿತ್ರೆಯಲ್ಲ. ಅದರ ಒಂದೊಂದು ರಿಪೇರಿಯೂ ಚರಿತ್ರೆಯೇ. ಹೊಸದರಂತೆ ಮಾಡಿಬಿಟ್ಟರೆ ಎಲ್ಲವೂ ಒಂದೇ ದಿನಕ್ಕೆ ಅಳಿಸಿಹೋಗುತ್ತವೆ, ನಮ್ಮ ಮಾವನ ದೋಣಿಗೆ ಆದಂತೆ.

ನಮ್ಮ ಕಡಿ ಹರಿಗೋಲು ಇದ್ದವು ಅಂತಾರ. ಮತ್ತ ಮರದ ದೋಣಿ ಎಲ್ಲಿಂದ ಬಂತು?

ಒಳ್ಳೆಯ ಪ್ರಶ್ನೆ. ಹುಡುಕಾಟಕ್ಕೆ ಹೊರಟವರು ಇದನ್ನೇ ಮೊದಲು ಕೇಳಿಕೊಳ್ಳಬೇಕು. ತಿಂಥಣಿ, ನಾರಾಯಣಪುರದ ಸುತ್ತ ಕೃಷ್ಣೆಯ ಪಾತ್ರ ನೋಡಿದವರಿಗೆ ಗೊತ್ತು, ಎಲ್ಲಿ ನೋಡಿದರೂ ಬಂಡೆ. ಅಲ್ಲಿ ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆ ಹರಿಗೋಲೇ ಸರಿ. ಬಡಿದರೂ ಪುಟಿಯುತ್ತದೆ, ಹರಿದರೆ ಹೊಲಿಯಬಹುದು, ಒಬ್ಬನೇ ತಲೆಯ ಮೇಲೆ ಹೊತ್ತು ಮನೆಗೆ ತರಬಹುದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂಥ ದೋಣಿಗಳು ಹದಿನೈದಿಪ್ಪತ್ತು ಜನರನ್ನು ದಾಟಿಸುತ್ತಿದ್ದವೆಂದು ಬರೆದಿದ್ದಾನೆ.

ಮರದ ದೋಣಿಗೆ ಆಳದ, ನಿಧಾನದ ನೀರು ಬೇಕು: ಭೀಮೆಯ ಮಡುಗಳು, ಅಣೆಕಟ್ಟಿನ ಹಿನ್ನೀರು. ಆದ್ದರಿಂದ ನಿಮ್ಮ ಊರ ಮುಂದಿನ ನದಿ ಎಂಥದ್ದು ಎಂದು ನೋಡಿ. ಬಂಡೆಗಳ ನಡುವಿನ ಊರಿನಲ್ಲಿ ಮರದ ದೋಣಿ ಸಿಕ್ಕಿದ್ದರೆ ಅದು ಬೇರೆಡೆಯಿಂದ ಬಂದಿರಬಹುದು. ಬೀದರಿನವರು ಕೇಳಿದಾಗಲೂ ಇದನ್ನೇ ಹೇಳುತ್ತೇನೆ: ಮಾಂಜ್ರಾ ನದಿಯದ್ದೋ, ಕಾರಂಜಾ ಜಲಾಶಯ ಆದ ಮೇಲೆ ಮೀನಿಗೆಂದು ತಂದದ್ದೋ, ಅದನ್ನು ಮೊದಲು ಬಗೆಹರಿಸಿಕೊಳ್ಳಿ.

ಒಂದೇ ಮರ ಕೊರದು ಮಾಡಿದ್ದೋ, ಹಲಗಿ ಕೂಡಿಸಿದ್ದೋ ಹೆಂಗ ಗೊತ್ತಾಗ್ತದ?

ಅಡಿಗೆ ಕೈ ಆಡಿಸಿ. ಎಲ್ಲಿಯೂ ಸಂದು ಸಿಗದೆ ಮರದ ಎಳೆ ಒಂದು ಮೂತಿಯಿಂದ ಇನ್ನೊಂದಕ್ಕೆ ಸಾಗಿದ್ದರೆ ಒಂಟಿಮರದ್ದು. ಪಕ್ಕಕ್ಕೆ ಎತ್ತರ ಸಾಲದೆ ಮೇಲೊಂದು ಹಲಗೆ ಏರಿಸಿರುವುದೂ ಉಂಟು, ಅದನ್ನು ನೋಡಿ ಮೋಸ ಹೋಗಬೇಡಿ. ಒಂಟಿಮರದ ದೋಣಿ ಬಹಳ ಹಳೆಯದೇ ಇರಬೇಕು ಎಂಬ ನಂಬಿಕೆ ಜನರಲ್ಲಿದೆ, ಅದು ಸರಿಯಲ್ಲ. ನಮ್ಮ ಕರಾವಳಿಯ ಪಾತಿ ದೋಣಿ ಒಂಟಿಮರದ್ದೇ, ಕೃಷ್ಣೆಯ ಕೆಳಪಾತ್ರದ ತೆಲುಗರು ತಾಳೆಮರದ ಕಾಂಡವನ್ನೇ ಕೊರೆದು ದೋಣಿ ಮಾಡಿಕೊಂಡವರು. ಲೋಕದಲ್ಲಿ ಸಿಕ್ಕ ಅತಿ ಹಳೆಯ ದೋಣಿ, 1955ರಲ್ಲಿ ನೆದರ್‌ಲೆಂಡ್ಸಿನ ಪೆಸ್ಸೆಯಲ್ಲಿ ಹೆದ್ದಾರಿ ಅಗೆಯುವಾಗ ದೊರೆತದ್ದು, ಸುಮಾರು ಹತ್ತು ಸಾವಿರ ವರ್ಷದ್ದು, ಅದೂ ಒಂಟಿಮರದ್ದು. ಅಷ್ಟು ಹಳೆಯದೂ ಇದೇ ಬಗೆ, ನಿನ್ನೆ ಮೊನ್ನೆಯದೂ ಇದೇ ಬಗೆ. ಬಗೆ ನೋಡಿ ವಯಸ್ಸು ಹೇಳಲಾಗದು.

## ಕೇಳಿ ತಿಳಿಯುವುದು

ಮೊದಲು ಯಾರನ್ನ ಕೇಳಬೇಕ್ರಿ?

ದೋಣಿ ನಡೆಸಿದವರನ್ನು. ಅಂಬಿಗರು, ಗಂಗಾಮತಸ್ಥರು, ಕಬ್ಬಲಿಗರು, ಕೋಲಿ ಸಮಾಜದವರು ಎಂದು ಊರಿಂದೂರಿಗೆ ಹೆಸರು ಬೇರೆಯಾದರೂ ನದಿಯ ನೆನಪು ಅವರ ಮನೆಗಳಲ್ಲಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ವಚನ ಬರೆದದ್ದು ಇದೇ ಕಾಯಕ ಮಾಡಿಕೊಂಡು. ಕಚೇರಿಗೆ ಹೋಗುವ ಮೊದಲು ಅವರ ಕಟ್ಟೆಗೆ ಹೋಗಿ.

ಹೋದ ದಿನವೇ ಮೊಬೈಲ್ ಎದುರಿಗೆ ಹಿಡಿದು "ಹೇಳ್ರಿ ಮುತ್ಯಾ" ಅನ್ನಬೇಡಿ. ಹಿರಿಯರನ್ನು ಗಾಡಿಯಲ್ಲಿ ಕರೆತಂದು ದೋಣಿಯ ಪಕ್ಕ ಕೂಡಿಸಿ. ಕೈಯಿಂದ ಸವರಿದಾಗ ಬರುವ ಮಾತು ಪ್ರಶ್ನೆ ಕೇಳಿದಾಗ ಬರುವುದಿಲ್ಲ. ನಾನು ಕರೆತಂದ ಒಬ್ಬ ಮುತ್ಯಾ ಸುಮಾರು ಹೊತ್ತು ಸುಮ್ಮನಿದ್ದು, ಬಲಗಡೆಯ ಅಂಚಿನಲ್ಲಿ ಒಂದು ಸವೆದ ತಗ್ಗಿಗೆ ಬೆರಳಿಟ್ಟು, "ಇಂವ ಎಡಗೈಯವ ಇದ್ದ ನೋಡು" ಅಂದ. ಹುಟ್ಟು ಉಜ್ಜಿ ಉಜ್ಜಿ ಬಿದ್ದ ತಗ್ಗು ಅದು. ಆ ಊರಿನಲ್ಲಿ ಎಡಗೈಯ ಅಂಬಿಗ ಒಬ್ಬನೇ ಇದ್ದ. ದೋಣಿ ಯಾರದೆಂದು ಅಲ್ಲಿಗೆ ತಿಳಿಯಿತು.

ಹೆಣ್ಣುಮಕ್ಕಳನ್ನು ಮರೆಯಬೇಡಿ. ಹರಿಗೋಲಾಗಲಿ ದೋಣಿಯಾಗಲಿ, ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಮನೆಮನೆಯಿಂದ ಆಯ ಎಂದು ಜೋಳ ಬರುತ್ತಿತ್ತು. ಯಾವ ಊರಿನಿಂದ ಎಷ್ಟು ಬರುತ್ತಿತ್ತು ಎಂಬ ಲೆಕ್ಕ ಕಾಳು ಅಳೆದು ತುಂಬಿಟ್ಟ ಆಯಿಗೆ ಗೊತ್ತು. ಆ ಊರುಗಳ ಹೆಸರು ಸಿಕ್ಕರೆ ದೋಣಿ ಓಡಾಡಿದ ಹರವು ಸಿಕ್ಕಂತೆ. ಆಚೆ ದಂಡೆಯಿಂದ ಮದುವೆಯಾಗಿ ಬಂದವರೂ ತಾವು ಮೊದಲ ಸಲ ದಾಟಿದ ದೋಣಿಯನ್ನು ಮರೆತಿರುವುದಿಲ್ಲ.

ನಮ್ಮ ಮುತ್ಯಾ ಇಸವಿ ಹೇಳಂಗಿಲ್ಲ. "ಆವಾಗ" ಅಂತಾನ. ಅದನ್ನ ಹೆಂಗ ಹಿಡೀಬೇಕು?

ಇಸವಿ ಕೇಳಲೇಬೇಡಿ, ಗೂಟ ಕೊಡಿ. "ರಜಾಕಾರರ ಗದ್ದಲಕ್ಕ ಮೊದಲೇನು, ಆಮ್ಯಾಲೇನು?" ಎಂದು ಕೇಳಿದರೆ ನಮ್ಮ ಭಾಗದ ಯಾವ ಹಿರಿಯರೂ ತಟ್ಟನೆ ಹೇಳುತ್ತಾರೆ. ಆ ಗದ್ದಲ ಅಡಗಿಸಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದದ್ದು 1948ರ ಸೆಪ್ಟೆಂಬರ್‌ನಲ್ಲಿ. ದೋಣಿ ಬಾಡಿಗೆ ಹಾಲಿ ಸಿಕ್ಕಾದಲ್ಲಿ ಕೊಡುತ್ತಿದ್ದರೋ ಕಲ್ದಾರ್‌ನಲ್ಲೋ (ಬ್ರಿಟಿಷರ ರೂಪಾಯಿ) ಎಂಬುದೂ ಒಂದು ಗೂಟ. ಮುಂದೆ 1956ರಲ್ಲಿ ಹೈದರಾಬಾದು ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು, 1972ರ ಬರ, 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಕಟ್ಟಿ ಮುಗಿದದ್ದು, 2009ರ ಮತ್ತು 2020ರ ಅಕ್ಟೋಬರಿನ ಮಹಾಪೂರಗಳು.

ಮನೆಯ ಗೂಟಗಳು ಇದಕ್ಕಿಂತ ಗಟ್ಟಿ. "ದೋಣಿ ಬಂದಾಗ ನಿಮ್ಮ ಮೊದಲ ಮಗ ಹುಟ್ಟಿದ್ದನೇನು?" ಎಂದು ಕೇಳಿ. ಮಗನ ಶಾಲೆಯ ದಾಖಲೆಯಲ್ಲಿ ತಾರೀಖು ಇರುತ್ತದೆ, ಹಳೆಯ ಮಾಸ್ತರರು ಅಂದಾಜಿಗೆ ಜೂನ್ ಒಂದು ಎಂದು ಬರೆದಿರುವುದು ಉಂಟೆಂಬ ಎಚ್ಚರ ಇರಲಿ.

ಇಬ್ಬರು ಎರಡು ಥರ ಹೇಳ್ತಾರ. ಯಾರದು ಖರೆ?

ಎರಡನ್ನೂ ಬರೆದುಕೊಳ್ಳಿ, ಯಾರು, ಯಾವ ದಿನ ಹೇಳಿದರು ಎಂಬುದರ ಸಮೇತ. ಬಹಳ ಸಲ ಇಬ್ಬರೂ ಖರೆಯೇ ಹೇಳುತ್ತಿರುತ್ತಾರೆ, ದೋಣಿ ಬೇರೆ ಬೇರೆ. ಒಂದು ದೋಣಿ ಹಾಳಾದಾಗ ಅದರ ಒಳ್ಳೆಯ ಹಲಗೆಗಳನ್ನು ಹೊಸದಕ್ಕೆ ಹಾಕುತ್ತಿದ್ದರು. ನಿಮ್ಮ ಎದುರಿಗೆ ನಿಂತದ್ದು ಎರಡು ತಲೆಮಾರಿನ ಎರಡು ದೋಣಿ ಕೂಡಿದ್ದೂ ಆಗಿರಬಹುದು.

## ದೋಣಿಯ ಮೈ ಓದುವುದು

ಯಾವ ಮರ ಅಂತ ನಾವೇ ಗುರುತು ಹಿಡೀಬಹುದೇನ್ರಿ?

ಅಂದಾಜು ಮಾಡಬಹುದು. ಸಾಗವಾನಿಯಾದರೆ ಕೈಗೆ ಎಣ್ಣೆಯ ಜಿಡ್ಡು ತಾಗುತ್ತದೆ, ಒಡೆದ ಜಾಗದಲ್ಲಿ ಹಳೆ ತೊಗಲಿನ ವಾಸನೆ ಬರುತ್ತದೆ, ಅಡ್ಡ ಕೊಯ್ದ ತುದಿಯಲ್ಲಿ ಪ್ರತಿ ಉಂಗುರದ ಶುರುವಿಗೆ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಮತ್ತಿ ಕಪ್ಪುಗಂದು, ಕೈಗೆ ಭಾರ. ಮಾವು ತಿಳಿಬಣ್ಣದ್ದು, ಹುಳ ಬೇಗ ಹಿಡಿದಿರುತ್ತದೆ. ಹೆಬ್ಬಲಸು ಹಳದಿ ಛಾಯೆಯದು. ಅದು ಪಶ್ಚಿಮಘಟ್ಟದ ಮರ, ನಮ್ಮ ಬಯಲಿನದಲ್ಲ. ಹೆಬ್ಬಲಸಿನ ಒಂಟಿಮರದ ದೋಣಿ ಯಾದಗಿರಿಯಲ್ಲಿ ಸಿಕ್ಕರೆ ಕರಾವಳಿಯ ಕಡೆ ಕಣ್ಣು ಹಾಯಿಸಬೇಕು.

ಖಾತ್ರಿ ಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಣುಕು ಕಳಿಸಿ. ಅವರು ಸೂಕ್ಷ್ಮದರ್ಶಕದಲ್ಲಿ ಮರದ ಕೋಶ ನೋಡಿ ಜಾತಿ ಹೇಳುತ್ತಾರೆ. ತುಣುಕನ್ನು ಕಣ್ಣಿಗೆ ಬೀಳದ, ಈಗಾಗಲೇ ಮುರಿದ ಜಾಗದಿಂದ ತೆಗೆಯಿರಿ. ತೇಪೆ ಹಲಗೆಯದನ್ನು ತೆಗೆದು ದೋಣಿಯದೆಂದು ಕಳಿಸಬೇಡಿ.

ಮರದ ಹೆಸರು ತಿಳಿದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ನಮ್ಮ ಒಣನೆಲದಲ್ಲಿ ಅಷ್ಟು ಉದ್ದದ ಸಾಗವಾನಿ ಎಲ್ಲಿತ್ತು? ಬಂಬಯಿ–ಮದ್ರಾಸ್ ರೈಲುದಾರಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಆಮೇಲೆ ದೂರದ ಕಾಡಿನ ಮರ ನಮ್ಮ ಸ್ಟೇಷನ್ನುಗಳಿಗೆ ಇಳಿಯುವುದು ಸುಲಭವಾಯಿತು.

ಮೊಳಿ, ತಗಡು ನೋಡಿ ಕಾಲ ಹೇಳಬಹುದು ಅಂತಾರ, ಖರೆ ಏನು?

ಖರೆ, ಆದರೆ ಒಂದೇ ದಿಕ್ಕಿನಲ್ಲಿ. "ಇದಕ್ಕಿಂತ ಹಿಂದಿನದಲ್ಲ" ಎಂದು ಹೇಳಬಹುದು, "ಇಷ್ಟು ಹಳೆಯದು" ಎಂದು ಹೇಳಲಾಗದು. ಕಂಬಾರ ಬಡಿದು ಮಾಡಿದ ಮೊಳೆ ಚೌಕಾಕಾರ, ತುದಿಗೆ ಹೋದಂತೆ ಸಪೂರ, ತಲೆ ಒಂದೊಂದಕ್ಕೆ ಒಂದೊಂದು ಥರ. ಕಾರ್ಖಾನೆಯ ತಂತಿಮೊಳೆ ಗುಂಡಗೆ, ಎಲ್ಲವೂ ಒಂದೇ. ಚೌಕ ಮೊಳೆ ಕಂಡ ಕೂಡಲೇ ನೂರು ವರ್ಷ ಎನ್ನಬೇಡಿ. ನಮ್ಮ ಊರುಗಳ ಕಂಬಾರರು ತಂತಿಮೊಳೆ ಬಂದ ಎಷ್ಟೋ ವರ್ಷಗಳ ಮೇಲೂ ದೋಣಿಮೊಳೆ ಬಡಿದುಕೊಡುತ್ತಿದ್ದರು. ತಲೆಯಲ್ಲಿ ಕೂಡುಚಿಹ್ನೆಯಂಥ ಗೀರಿರುವ ತಿರುಪು ಇದ್ದರೆ, ಆ ತಿರುಪಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ, ನಮ್ಮಲ್ಲಿಗೆ ಬಂದದ್ದು ಇನ್ನೂ ತಡವಾಗಿ.

ತಗಡಿನ ತೇಪೆಯ ಮೇಲೆ ನನಗೆ ವಿಶೇಷ ಪ್ರೀತಿ. ಎಣ್ಣೆ ಡಬ್ಬಿ, ಗ್ಯಾಸೆಣ್ಣೆ ಡಬ್ಬಿ ಕತ್ತರಿಸಿ ಹೊಡೆಯುತ್ತಿದ್ದರು. ಅಚ್ಚಾದ ಹೆಸರು ಒಳಮುಖಕ್ಕೆ ಉಳಿದಿರುತ್ತದೆ. ಡಾಲ್ಡಾ ಡಬ್ಬಿಯ ತಗಡಾದರೆ ಆ ತೇಪೆ 1937ಕ್ಕಿಂತ ಹಿಂದಿನದಲ್ಲ, ಡಾಲ್ಡಾ ಮಾರುಕಟ್ಟೆಗೆ ಬಂದದ್ದೇ ಆ ವರ್ಷ. ಸಂದಿಯಲ್ಲಿ ಬಿಳಿ ಫೆವಿಕಾಲ್ ಒಣಗಿದ್ದರೆ ಅದು 1959ರ ಈಚಿನದು. ಸಂದಿಗೆ ಹತ್ತಿಯೋ ಸೆಣಬಿನ ನಾರೋ ತುಂಬಿ ರಾಳ, ಡಾಂಬರು ಹೊಯ್ದಿದ್ದರೆ ಅದನ್ನೂ ಬೆರಳುದ್ದ ತೆಗೆದು ಡಬ್ಬಿಯಲ್ಲಿಡಿ.

ಉಳಿ, ಬಾಚಿಯ ಗುರುತು ಹಲಗೆಯ ಒಳಮುಖದಲ್ಲಿ ಮೀನಿನ ಪೊರೆಯಂತೆ ಉಳಿದಿರುತ್ತದೆ. ಇಬ್ಬರು ಎಳೆಯುವ ಗರಗಸದ ಗೀರು ನೇರ, ಆದರೆ ಒಂದಕ್ಕೊಂದು ಓರೆ. ಸಾಮಿಲ್ಲಿನ ದುಂಡು ಗರಗಸದ್ದು ಬಿಲ್ಲಿನಂತೆ ಬಾಗಿದ್ದು. ರಂದಾ ಹೊಡೆದರೆ ಇದೆಲ್ಲ ಹೋಯಿತು.

ಬಣ್ಣದ ಕೆಳಗ ಬಣ್ಣ ಅದ. ಎಲ್ಲಾ ಕೆರದು ನೋಡಲೇನು?

ಎಲ್ಲ ಅಲ್ಲ. ಬೆರಳ ತುದಿಯಷ್ಟು ಜಾಗದಲ್ಲಿ, ಹರಿತ ಬ್ಲೇಡಿನಿಂದ ಪದರಪದರವಾಗಿ ಮೆಟ್ಟಿಲಿನಂತೆ ಬಿಡಿಸಿ. ಮೂತಿಯಲ್ಲಿ ಒಂದು, ಒಳಗೆ ಒಂದು, ತೇಪೆಯ ಮೇಲೆ ಒಂದು ಸಾಕು. ದೋಣಿಯ ಮೇಲೆ ಐದು ಪದರವಿದ್ದು ತೇಪೆಯ ಮೇಲೆ ಎರಡೇ ಇದ್ದರೆ, ತೇಪೆ ಬಿದ್ದದ್ದು ಮೂರನೆಯ ಬಣ್ಣದ ನಂತರ ಎಂದಾಯಿತು. ಕಾಗದ, ಲ್ಯಾಬು ಏನೂ ಬೇಡದ ಲೆಕ್ಕ ಇದು.

ಹಳೆಯ ಬಿಳಿ, ಕೆಂಪು ಬಣ್ಣಗಳಲ್ಲಿ ಸೀಸ ಇರುತ್ತದೆ. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಮರಳುಕಾಗದದಿಂದ ಉಜ್ಜಿದರೆ ಆ ಧೂಳು ಮಕ್ಕಳ ಮೈಗೆ ಸೇರುತ್ತದೆ, ಅವರ ಬುದ್ಧಿ ಬೆಳವಣಿಗೆಗೆ ಪೆಟ್ಟು. ಒದ್ದೆ ಮಾಡಿ ಬಿಡಿಸಿ, ಮಾಸ್ಕ್ ಹಾಕಿ, ಮಕ್ಕಳನ್ನೂ ದನಗಳನ್ನೂ ದೂರವಿಡಿ. ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಮೂತಿ ಮ್ಯಾಲ ಏನೋ ಅಂಕಿ ಅವ. ಓದ್ಲಿಕ್ಕೆ ಬರವಲ್ದು.

ನಿಜಾಮರ ಕಾಲದ್ದಾದರೆ ಉರ್ದು ಅಂಕಿ ಇರಬಹುದು, ದಂಡೆಯಾಚೆ ಮುಂಬಯಿ ಸರಹದ್ದಿನದಾದರೆ ಮರಾಠಿ ಅಂಕಿ, ಇಲ್ಲವೇ ಕನ್ನಡ. ಮೂರೂ ಕಲೆತು ಗೊಂದಲ ಮಾಡುತ್ತವೆ. ಉರ್ದುವಿನ ಐದು ದುಂಡಗಿರುತ್ತದೆ, ಅದನ್ನು ಕನ್ನಡದ ಸೊನ್ನೆ ಎಂದು ಓದಿಬಿಡುತ್ತೇವೆ. ಉರ್ದುವಿನ ಸೊನ್ನೆ ಬರಿಯ ಚುಕ್ಕೆ, ಅದನ್ನು ಮೊಳೆ ತೂತು ಎಂದು ಬಿಟ್ಟುಬಿಡುತ್ತೇವೆ. ಏಳು ಮೇಲೆ ಬಾಯಿ ತೆರೆದ ಕೋನ, ಎಂಟು ಅದೇ ಕೋನ ಬೋರಲು. ಉರ್ದು ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು.

ಸೀಮೆಸುಣ್ಣದಿಂದ ತೀಡಿ ಎದ್ದು ಕಾಣಿಸಲು ಹೋಗಬೇಡಿ. ನಾವು ಊಹಿಸಿದ ಗೆರೆಯೇ ಆಮೇಲೆ ಮೂಲ ಗೆರೆ ಎಂದು ಉಳಿದುಬಿಡುತ್ತದೆ.

ಅಮೆರಿಕಾದಾಗ ಹಳೇ ಕೆನೂಗೆ ನಂಬರ್ ಇರ್ತದಂತ, ಅದರಿಂದ ಎಲ್ಲಾ ತಿಳೀತದಂತ. ನಮ್ಮದಕ್ಕೂ ಇರ್ತದೇನು?

ಅಲ್ಲಿನ ಮಾತು ನಿಜ. ಮೇನ್ ರಾಜ್ಯದ ಓಲ್ಡ್ ಟೌನ್ ಕಂಪನಿ ತೆಳು ಸೀಡರ್ ಪಟ್ಟಿಗೆ ಕ್ಯಾನ್ವಾಸ್ ಹೊದಿಸಿದ ಕೆನೂ, ಎಂದರೆ ಹಗುರ ಸಪೂರ ದೋಣಿ, ಮಾಡುವಾಗ ಒಳಗೆ ಮೂತಿಯ ಮರಕ್ಕೆ ಕ್ರಮಸಂಖ್ಯೆ ಒತ್ತುತ್ತಿತ್ತು, ಪ್ರತಿಯೊಂದಕ್ಕೂ ಉದ್ದ, ಮರ, ಬಣ್ಣ, ಕಳಿಸಿದ ಊರು ಎಂದು ಕಾರ್ಡ್ ಬರೆದಿಡುತ್ತಿತ್ತು. ಆ ಕಾರ್ಡುಗಳು ಇಂದಿಗೂ ಇವೆ. 1979ರಲ್ಲಿ ಹುಟ್ಟಿದ ಅವರ ಮರದ ಕೆನೂ ಪರಂಪರೆಯ ಸಂಘ ಸಂಖ್ಯೆ ಕೊಟ್ಟವರಿಗೆ ದಾಖಲೆ ಹುಡುಕಿಕೊಡುತ್ತದೆ.

ನಮ್ಮ ದೋಣಿ ಕಾರ್ಖಾನೆಯದಲ್ಲ. ಬೇವಿನ ಮರದ ಕೆಳಗೆ ಬಡಿಗೇರ ಮಾಡಿದ್ದು. ನಂಬರಿದ್ದರೆ ಅದು ನದಿ ದಾಟಿಸುವ ಗುತ್ತಿಗೆಯದ್ದೋ ಮೀನುಗಾರರ ಸಂಘದ್ದೋ ಆಗಿರುತ್ತದೆ. ಬಡಿಗೇರರ ಮನೆತನಗಳಿಗೆ ತಮ್ಮದೇ ಕೈಗುರುತು ಇರುತ್ತದೆ, ಕೂಡುಸಂದಿಯ ಕೊರೆತದಲ್ಲಿ, ಮೂತಿಯ ತಿರುವಿನಲ್ಲಿ. ಅದೇ ಮನೆತನ ಮಾಡಿದ ಬಾಗಿಲು, ಬಂಡಿ ಊರಲ್ಲಿ ಉಳಿದಿದ್ದರೆ ಪಕ್ಕಕ್ಕಿಟ್ಟು ನೋಡಿ.

## ಕಾಗದಪತ್ರ

ಹಳೇ ಕಾಗದದಾಗ ಫಸಲಿ 1345 ಅಂತ ಅದ. ಅದು ಯಾವ ಇಸವಿ?

ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರುವಾಗುತ್ತಿತ್ತು. ಆಜುರ್, ದೈ, ಬಹಮನ್ ತಿಂಗಳಿಗೆ 590 ಕೂಡಿಸಿ, ಇಸ್ಫಂದಾರ್‌ನಿಂದ ಮುಂದಕ್ಕೆ 591 ಕೂಡಿಸಿ. ಫಸಲಿ 1345ರ ಆಜುರ್ ಎಂದರೆ 1935ರ ಅಕ್ಟೋಬರ್, ಅದೇ ಫಸಲಿಯ ಖುರ್ದಾದ್ ಎಂದರೆ 1936ರ ಬೇಸಿಗೆ. ತಿಂಗಳು ಬರೆಯದೆ ವರ್ಷ ಮಾತ್ರ ಇದ್ದರೆ "1935–36" ಎಂದೇ ಬರೆದುಕೊಳ್ಳಿ.

ದೋಣಿ ಬಗ್ಗೆ ಸರ್ಕಾರಿ ದಾಖಲೆ ಎಲ್ಲಿ ಸಿಗ್ತಾವ್ರಿ?

"ದೋಣಿ" ಎಂದು ಹುಡುಕಿದರೆ ಸಿಗುವುದಿಲ್ಲ. ಘಾಟು (ದೋಣಿ ಹತ್ತಿ ಇಳಿಯುವ ದಂಡೆ), ಗುತ್ತಿಗೆ, ಹರಾಜು, ಇನಾಮು ಎಂದು ಹುಡುಕಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸೇತವಾರ್ (ಸರ್ವೆ ನಂಬರುವಾರು ಜಮೀನಿನ ಪಟ್ಟಿ), 1954–55ರ ಖಾಸ್ರಾ ಪಹಣಿ ನೋಡಿ. ಅಂಬಿಗರ ಮನೆತನಕ್ಕೆ ಸೇವೆಗೆಂದು ಜಮೀನು ಬಿಟ್ಟಿದ್ದರೆ ಸರ್ವೆ ನಂಬರಿನ ಎದುರು ಆ ಸುಳಿವು ಸಿಗಬಹುದು. ಸ್ವಾತಂತ್ರ್ಯದ ನಂತರದ ಹರಾಜಿನ ಕಡತಗಳನ್ನು ಪಂಚಾಯತಿ, ಲೋಕೋಪಯೋಗಿ ಕಚೇರಿಗಳಲ್ಲಿ ವಿಚಾರಿಸಿ. ಹೋಗಿ ಕೇಳಿದಾಗ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಊರು, ಘಾಟು, ಅಂದಾಜು ವರ್ಷ ಸ್ಪಷ್ಟವಾಗಿ ಬರೆದು.

1948ಕ್ಕಿಂತ ಹಿಂದಿನದಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ಅಫಜಲಪುರದ ಕಡೆಯವರಿಗೆ ಒಂದು ವಿಶೇಷ ದಾರಿ ಇದೆ. ಅಲ್ಲಿ ಭೀಮೆಯೇ ಗಡಿಯಾಗಿತ್ತು, ಈಚೆ ನಿಜಾಮ, ಆಚೆ ವಿಜಾಪುರ ಜಿಲ್ಲೆಯ ಬ್ರಿಟಿಷ್ ಸರಹದ್ದು. ದಾಟುವ ಸಾಮಾನಿಗೆ ಕರೋಡಗಿರಿ, ಎಂದರೆ ಸಂಸ್ಥಾನದ ಸುಂಕ ಬೀಳುತ್ತಿತ್ತು. ಸುಂಕ ಇದ್ದಲ್ಲಿ ಲೆಕ್ಕ ಇರುತ್ತದೆ. ಆಚೆ ದಂಡೆಯ ಘಾಟಿನ ಕಾಗದ ಮುಂಬಯಿ ಆಡಳಿತದ ದಾಖಲೆಗಳಲ್ಲಿಯೂ ಇರಬಹುದು, ಒಂದೇ ಕಡೆ ಹುಡುಕಿ ಕೈಬಿಡಬೇಡಿ.

ಉರ್ದು ಓದಬಲ್ಲ ಹಿರಿಯರು ಪ್ರತಿ ಊರಿನಲ್ಲಿ ಇನ್ನೂ ಇದ್ದಾರೆ, ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿ ಓದಬಲ್ಲವರು ಬಹಳ ಕಡಿಮೆ. ಮೋಡಿ ಕಾಗದ ಸಿಕ್ಕವರು ಇವತ್ತೇ ಓದಿಸಿಕೊಳ್ಳಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕಾರ್ಬನ್ ಪರೀಕ್ಷೆ ಮಾಡಿಸಿದ್ರ ವರ್ಷ ಖಡಾಖಂಡಿತ ಗೊತ್ತಾಗ್ತದಲ್ರಿ?

ಇಲ್ಲ, ನಿಮ್ಮ ದುಡ್ಡು ಉಳಿಯಲೆಂದು ಮೊದಲೇ ಹೇಳುತ್ತೇನೆ. ಸುಮಾರು 1650ರಿಂದ 1950ರವರೆಗಿನ ಕಾಲಕ್ಕೆ, ಮರದ ಇಂಗಾಲ ಅಳೆದು ವಯಸ್ಸು ಲೆಕ್ಕ ಹಾಕುವ ಈ ಪರೀಕ್ಷೆ ಒಂದೇ ಉತ್ತರ ಕೊಡುವುದಿಲ್ಲ. ವಾತಾವರಣದ ಇಂಗಾಲದ ಏರಿಳಿತದಿಂದ ಒಂದೇ ಅಳತೆ ಮೂರು ನಾಲ್ಕು ಬೇರೆ ಬೇರೆ ಕಾಲಕ್ಕೆ ಹೊಂದುತ್ತದೆ. ನಮ್ಮ ಬಹುಪಾಲು ದೋಣಿಗಳು ಆ ಅವಧಿಯವೇ. 1950ರ ನಂತರದ ಮರವಾದರೆ ಅಣುಬಾಂಬ್ ಪರೀಕ್ಷೆಗಳಿಂದ ಏರಿದ ಇಂಗಾಲದ ಗುರುತಿನಿಂದ ಚೆನ್ನಾಗಿ ಹೇಳಬಹುದು. ಜೊತೆಗೆ ಅದು ಹೇಳುವುದು ಆ ಉಂಗುರ ಬೆಳೆದ ವರ್ಷ, ದೋಣಿ ಕಟ್ಟಿದ ವರ್ಷವಲ್ಲ. ದೊಡ್ಡ ಮರದ ಒಡಲಿನ ತುಣುಕು ಹೊರಗಿನದಕ್ಕಿಂತ ನೂರು ವರ್ಷ ಹಳೆಯದಿರಬಹುದು.

ಸಾಗವಾನಿ ವರ್ಷಕ್ಕೊಂದು ಉಂಗುರ ಹಾಕುವ ಮರವಾದ್ದರಿಂದ ಉಂಗುರ ಎಣಿಸಿ ತಾಳೆ ನೋಡುವ ದಾರಿಯೂ ಇದೆ. ಅದಕ್ಕೆ ಅದೇ ಸೀಮೆಯ ಮರಗಳ ಉಂಗುರಸರಣಿ ಬೇಕು, ಹಲಗೆಯಲ್ಲಿ ಹೊರ ಅಂಚು ಉಳಿದಿರಬೇಕು. ಆದರೆ ಬಡಿಗೇರರು ಆ ಹೊರ ಅಂಚಿನ ಬಿಳಿಮರವನ್ನು ಕೊಚ್ಚಿ ಹಾಕಿರುತ್ತಾರೆ. ಎರಡೂ ಬಗೆಯ ಕೆಲಸ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ನಡೆಯುತ್ತದೆ. ದೋಣಿ ನದಿಯ ಹೂಳಿನಲ್ಲಿ ಆಳಕ್ಕೆ ಹೂತು ಸಿಕ್ಕಿದ್ದು, ನಿಜಕ್ಕೂ ಬಹಳ ಹಳೆಯದಿರಬಹುದು ಎಂಬ ಕಾರಣವಿದ್ದರೆ ಮಾತ್ರ ಅಲ್ಲಿಗೆ ಬರೆಯಿರಿ.

ಭೀಮಾ ಹೊಳ್ಯಾಗ ಉಸುಕು ತೆಗಿಯುವಾಗ ದೋಣಿ ಸಿಕ್ಕದ. ಮನಿಗೆ ತರಬಹುದೇನು?

ತರಬೇಡಿ. ಇದೊಂದರಲ್ಲಿ ನಾನು ಕಟ್ಟುನಿಟ್ಟು. ಸನ್ನತಿ, ಕನಗನಹಳ್ಳಿಯಲ್ಲಿ ಅಶೋಕನ ಕಾಲದ ಶಾಸನ, ಬೌದ್ಧ ಸ್ತೂಪ ಸಿಕ್ಕಿದ್ದು ಇದೇ ಭೀಮೆಯ ದಂಡೆಯಲ್ಲಿ. ಆ ಹೂಳಿನಲ್ಲಿ ಏನಿದೆಯೋ ಯಾರು ಬಲ್ಲರು? ನೆಲದಲ್ಲಿ ಹೂತು ಸಿಕ್ಕ ಹಳೆಯ ವಸ್ತುವಿನ ಸುದ್ದಿಯನ್ನು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಮುಟ್ಟಿಸಿ, ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ತಿಳಿಸಿ. ಸಿಕ್ಕ ಜಾಗ, ಆಳ, ಸುತ್ತಲಿನ ಮಣ್ಣಿನ ಬಣ್ಣ ಫೋಟೋ ಸಮೇತ ಬರೆದಿಡಿ.

ಎಲ್ಲಕ್ಕಿಂತ ಮುಖ್ಯ, ಒಣಗಲು ಬಿಡಬೇಡಿ. ಶತಮಾನಗಟ್ಟಲೆ ನೀರಲ್ಲಿದ್ದ ಮರದ ಕೋಶಗಳನ್ನು ಹಿಡಿದು ನಿಲ್ಲಿಸಿರುವುದು ನೀರೇ. ನೀರು ಆರಿದರೆ ಒಣ ಬದನೆಕಾಯಿಯಂತೆ ಮುರುಟಿ ಚೂರಾಗುತ್ತದೆ, ಮತ್ತೆ ನೆನೆಸಿದರೆ ಸರಿಯಾಗುವುದಿಲ್ಲ. ತಜ್ಞರು ಬರುವವರೆಗೆ ಅದೇ ಹೂಳು ಮುಚ್ಚಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ಸ್ವೀಡನ್ನಿನ ವಾಸಾ ಹಡಗಿಗೆ ಮರದೊಳಗಿನ ನೀರಿನ ಜಾಗ ತುಂಬಲು ಮೇಣದಂಥ ರಾಸಾಯನಿಕವನ್ನು ಹದಿನೇಳು ವರ್ಷ ಸಿಂಪಡಿಸಿದರು. ನಮಗೆ ಹತ್ತಿರದಲ್ಲಿ, ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ.

ನೂರು ವರ್ಷ ದಾಟಿದ್ರ ಸರ್ಕಾರ ಕಸಗೊಂಡು ಹೋಗ್ತದೇನ್ರಿ?

ಇಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜನ ವಯಸ್ಸು ಮುಚ್ಚಿಡುತ್ತಾರೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆಯ, ಕುಶಲತೆಯ ವಸ್ತು ಪುರಾವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಮರದ ಶಿಲ್ಪ, ಕೆತ್ತನೆಯಂಥ ಕೆಲವು ಬಗೆಗಳಿಗೆ ನೋಂದಣಿ ಬೇಕು. ಮೂತಿಯಲ್ಲಿ ದೇವರ, ಪ್ರಾಣಿಯ ಕೆತ್ತನೆ ಇದ್ದರೆ ನೋಂದಣಿ ಅಧಿಕಾರಿಗೆ ತೋರಿಸಿ. ಹಳೆಯದಕ್ಕೆ ಒಳ್ಳೆ ಬೆಲೆ ಕೊಡುತ್ತೇನೆಂದು ರೆಸಾರ್ಟಿನ ದಲ್ಲಾಳಿ ಬಂದಾಗ ನೀವು ಹುಡುಕಿ ಬರೆದಿಟ್ಟ ಚರಿತ್ರೆಯ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.

ಎಲ್ಲಾ ಹುಡುಕಿ ಆತು. ಈಗ ಬಡಿಗೇರಗ ಏನ್ ಹೇಳಬೇಕು?

ನೀರಿಗೆ ಇಳಿಸುತ್ತೀರೋ, ಅಂಗಳದಲ್ಲಿ ಇಡುತ್ತೀರೋ ಎಂದು ಮೊದಲು ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ನೀರಿಗೆ ಇಳಿಸುವುದಾದರೆ ಜೀವದ ಪ್ರಶ್ನೆ, ಕೊಳೆತ ಹಲಗೆಯನ್ನು ಬದಲಿಸಲೇಬೇಕು. ಇಡುವುದಾದರೆ ಆದಷ್ಟು ಕಡಿಮೆ ಮುಟ್ಟಿ. ನನಗೆ ಕೇಳಿದರೆ ಅಂಗಳದಲ್ಲಿ ಇಡಿ, ನೀರಿಗೆ ಬೇಕಾದರೆ ಅದೇ ಅಳತೆಯ ಹೊಸದೊಂದು ಮಾಡಿಸಿ. ಬಡಿಗೇರರಿಗೂ ಕೆಲಸ ಸಿಗುತ್ತದೆ, ದೋಣಿ ಕಟ್ಟುವ ಕೈ ಊರಲ್ಲಿ ಉಳಿಯುತ್ತದೆ.

ಹೊಸ ಹಲಗೆ ಹಾಕಿದಲ್ಲಿ ಒಳಮುಖಕ್ಕೆ ಇಸವಿ ಕೊರೆಯಿಸಿ. ಅಗಸಿ ಎಣ್ಣೆ ಒರೆಸುವುದಾದರೆ ಆ ಬಟ್ಟೆಗಳನ್ನು ಮುದ್ದೆ ಮಾಡಿ ಕೊಟ್ಟಿಗೆಯಲ್ಲಿ ಬಿಡಬೇಡಿ, ಒಣಗುವಾಗ ತಾವಾಗಿಯೇ ಕಾದು ಬೆಂಕಿ ಹೊತ್ತುತ್ತದೆ. ನೀರಲ್ಲಿ ಅದ್ದಿ, ಬಿಡಿಸಿ, ಬಯಲಲ್ಲಿ ಒಣಗಿಸಿ.

ತೆಗೆದ ಹಳೇ ಹಲಗಿ, ಮೊಳಿ ಏನ್ ಮಾಡಬೇಕ್ರಿ? ಒಲಿಗೆ ಹಾಕಲೇನು?

ಹಾಕಬೇಡಿ. ಹಳೆ ಬಣ್ಣ ಹತ್ತಿದ ಮರ ಸುಟ್ಟರೆ ಸೀಸದ ಹೊಗೆ ಅಡುಗೆಮನೆ ತುಂಬುತ್ತದೆ, ಅದೊಂದು ಕಾರಣ. ಪ್ರತಿ ಹಲಗೆಯ ಹಿಂದೆ ಅದು ಇದ್ದ ಜಾಗ, ತೆಗೆದ ತಾರೀಖು ಪೆನ್ಸಿಲಿನಿಂದ ಬರೆದು ಅದೇ ಕೊಟ್ಟಿಗೆಯ ಅಟ್ಟಕ್ಕೆ ಹಾಕಿ. ಮೊಳೆಗಳನ್ನು ಡಬ್ಬಿಯಲ್ಲಿಟ್ಟು ಒಳಗೊಂದು ಚೀಟಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟುಬುಕ್ಕಿಗೆ ಇಳಿಸಿ, ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಊರ ಶಾಲೆಯ ಕಪಾಟಿನಲ್ಲಿ ಇಡಿ. ಹೇಳಿದವರ ಹೆಸರು, ಅವರ ತಂದೆಯ ಹೆಸರು, ಯಾವ ಘಾಟಿನಲ್ಲಿ ದೋಣಿ ಹಾಕುತ್ತಿದ್ದರು ಎಂಬುದು ಮೊದಲ ಪುಟದಲ್ಲೇ ಇರಲಿ.